ಜೀರ್ಣವಸ್ತ್ರ: ದಾನವೋ, ವಿಕ್ರಯವೋ?

ಉಟ್ಟು ಹಳೆಯದಾದ ಬಟ್ಟೆಯನ್ನು ಮಾರಿ ನಾಲ್ಕು ಕಾಸು ಸಂಪಾದಿಸುವುದು ಗೃಹಸ್ಥನಿಗೆ ಉಚಿತವೇ? ಪ್ರಶ್ನೆಯು ಮೇಲ್ನೋಟಕ್ಕೆ ಅತಿ ಕ್ಷುಲ್ಲಕವೆಂದು ತೋರಬಹುದು. ಆದರೆ ಪರಪ್ರಾಂತದ ಊರುಗಳಲ್ಲಿ ಎರಡು ಕೋಣೆಗಳ ಬಿಡಾರದಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗಳಲ್ಲಿ ಇದು ವರ್ಷಕ್ಕೆ ಎರಡು ಬಾರಿಯಾದರೂ, ಯುಗಾದಿಗೆ ಮುನ್ನ ಮತ್ತು ದೀಪಾವಳಿಗೆ ಮುನ್ನ ಕಪಾಟುಗಳ ಬಾಗಿಲು ತೆರೆದಾಗ, ತಪ್ಪದೆ ತಲೆಯೆತ್ತುತ್ತದೆ. ಆಗ ಅತ್ತೆಯಾದವಳು, "ಕೆಲಸದಾಕಿಗೆ ಕೊಟ್ಟಬಿಡು, ಪುಣ್ಯಾನರೆ ಬರ್ತದ. ಉಟ್ಟ ಸೀರಿ ಮಾರಿ ರೊಕ್ಕಾ ಮಾಡೂದು ನಮ್ಮ ಮನಿತನದಾಗ ಇಲ್ಲ" ಎನ್ನುವಳು. ಸೊಸೆಯಾದವಳು, "ಅಕಿಗೆ ಬ್ಯಾಡಾಗಿದ್ರ ಬ್ಯಾಡ ಅನ್ನಲಿಕ್ಕೆ ಬರ್ತದೇನ್ರೀ, ಅತ್ಯಾರ?" ಎಂದು ಕೇಳುವಳು. ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ಬಟ್ಟೆಯ ಗಂಟು ಮತ್ತೆ ಅಟ್ಟವನ್ನು ಸೇರುತ್ತದೆ. ಈ ಎರಡು ಮಾತುಗಳಲ್ಲಿ ಸೊಸೆಯ ಮಾತಿನಲ್ಲೇ ಹೆಚ್ಚು ಶಾಸ್ತ್ರವಿದೆಯೆಂಬುದು ನನ್ನ ಅಭಿಪ್ರಾಯ. ಅದು ಹೇಗೆಂಬುದನ್ನು ವಾಚಕರ ಮುಂದಿಡಲು ಪ್ರಯತ್ನಿಸುತ್ತೇನೆ.

ಜೀರ್ಣವಸ್ತ್ರವೆಂದೊಡನೆ ಎಲ್ಲರ ನೆನಪಿಗೂ ಬರುವುದು ಗೀತೆಯ ಎರಡನೆಯ ಅಧ್ಯಾಯದ 22ನೆಯ ಶ್ಲೋಕ. ಹಳೆಯ ಬಟ್ಟೆಯನ್ನು ಬಿಟ್ಟು ಹೊಸದನ್ನು ತೊಡುವ ಮನುಷ್ಯನನ್ನು ದೇಹಾಂತರ ಪಡೆಯುವ ಜೀವನಿಗೆ ಅಲ್ಲಿ ಹೋಲಿಸಲಾಗಿದೆ. ಬಿಟ್ಟ ಬಟ್ಟೆಯ ಗತಿಯೇನಾಯಿತು ಎಂಬುದು ಅಲ್ಲಿ ಪ್ರಕೃತವಲ್ಲ. ಆದ್ದರಿಂದ ನಾವು ಬೇರೆಡೆ ಹುಡುಕಬೇಕಾಗಿದೆ.

ಮಾರಾಟವನ್ನು ಅಲ್ಲಗಳೆಯುವವರಿಗೆ ಮನುಸ್ಮೃತಿಯಲ್ಲಿ ಆಧಾರ ದೊರೆಯದೆ ಇಲ್ಲ. ಹತ್ತನೆಯ ಅಧ್ಯಾಯದಲ್ಲಿ, ಆಪತ್ಕಾಲದಲ್ಲಿ ವೈಶ್ಯವೃತ್ತಿಯಿಂದ ಜೀವಿಸಬೇಕಾಗಿ ಬಂದ ಬ್ರಾಹ್ಮಣನು ಏನೇನನ್ನು ಮಾರಕೂಡದೆಂಬ ದೊಡ್ಡ ಪಟ್ಟಿಯಿದೆ. ಉಪ್ಪು, ಹಾಲು, ಮೊಸರು, ಜೇನು ಮೊದಲಾದವುಗಳ ಜೊತೆಗೆ ಬಣ್ಣ ಹಾಕಿದ ಬಟ್ಟೆ, ನಾರುಮಡಿ, ಉಣ್ಣೆಯ ಬಟ್ಟೆ ಇವೂ ಅದರಲ್ಲಿ ಸೇರಿವೆ. ಆದರೆ ಅಲ್ಲಿ ನಿಷೇಧವಿರುವುದು ವೃತ್ತಿಗೆ, ಎಂದರೆ ಸರಕು ಕೊಂಡು ಸರಕು ಮಾರಿ ಜೀವಿಸುವುದಕ್ಕೆ. ಸ್ವಂತಕ್ಕೆಂದು ಕೊಂಡು, ಹತ್ತು ವರ್ಷ ಉಟ್ಟು, ಇನ್ನು ಬೇಡವೆನಿಸಿದ ವಸ್ತುವನ್ನು ಹೊರಸಾಗಿಸುವ ಗೃಹಸ್ಥನನ್ನು ಕುರಿತ ಮಾತು ಅದಲ್ಲ. ಅದೇ ಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ವಾಣಿಜ್ಯಕ್ಕೆ ಸತ್ಯಾನೃತವೆಂದು ಹೆಸರು. ದಿಟವೂ ಸಟೆಯೂ ಬೆರೆತದ್ದು ಎಂದರ್ಥ. ಆಪತ್ತಿನಲ್ಲಿ ಅದಕ್ಕೂ ಅಲ್ಲಿ ಅವಕಾಶವಿದೆ. ಅವಕಾಶವೇ ಇಲ್ಲದ್ದು ಸೇವೆಗೆ, ಎಂದರೆ ಸಂಬಳಕ್ಕಾಗಿ ಇನ್ನೊಬ್ಬನ ಕೈಕೆಳಗೆ ದುಡಿಯುವುದಕ್ಕೆ. ಅದನ್ನು ಶ್ವವೃತ್ತಿ, ನಾಯಿಯ ಬಾಳು, ಎಂದು ಕರೆದು ಸರ್ವಥಾ ಬಿಡಬೇಕೆಂದು ವಿಧಿಸಿದೆ. ಮೂರೂವರೆ ದಶಕ ರೈಲ್ವೆಯಲ್ಲಿ ಶ್ವವೃತ್ತಿಯನ್ನು ನಡೆಸಿ ಈಗ ಅದರ ಪಿಂಚಣಿಯನ್ನು ಉಣ್ಣುತ್ತಿರುವ ನನ್ನಂಥವನು, ಸೊಸೆ ಎರಡು ಸೀರೆ ಮಾರಿದಳೆಂದು ಮನುವನ್ನು ಉದಾಹರಿಸುವುದು ಶೋಭಿಸದು.

ಅದೇ ನಾಲ್ಕನೆಯ ಅಧ್ಯಾಯದಲ್ಲಿ, ಇತರರು ಧರಿಸಿದ ಪಾದರಕ್ಷೆ, ಬಟ್ಟೆ, ಆಭರಣ, ಹೂಮಾಲೆ ಇವನ್ನು ಧರಿಸಕೂಡದೆಂಬ ನಿಯಮವೂ ಇದೆ. ಹತ್ತನೆಯ ಅಧ್ಯಾಯಕ್ಕೆ ಬಂದರೆ, ಸೇವಕನಾದ ಶೂದ್ರನಿಗೆ ಉಂಡುಳಿದ ಅನ್ನವನ್ನೂ ಉಟ್ಟು ಹಳೆಯದಾದ ಬಟ್ಟೆಯನ್ನೂ ಕೊಡಬೇಕೆಂದಿದೆ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಸಿಗುವ ಅರ್ಥ ಹಿತಕರವಾದುದಲ್ಲ: ತನಗೆ ಹೀನವಾದದ್ದು ಅವನಿಗೆ ಸಾಕು! ಈ ಮಾತನ್ನು ಇಂದು ಯಾರೂ ಬಾಯಿಬಿಟ್ಟು ಆಡರು. ಆದರೆ ಬಟ್ಟೆಯ ಗಂಟನ್ನು ಕೆಲಸದವಳ ಕೈಗಿಟ್ಟು ಪುಣ್ಯದ ಲೆಕ್ಕ ಹಾಕುವಾಗ ನಮ್ಮ ಮನಸ್ಸಿನಲ್ಲಿ ನಡೆಯುವುದು ಇದೇ ಅಲ್ಲವೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು.

ಹಾಗೆಂದು ಒಬ್ಬರು ಉಟ್ಟದ್ದನ್ನು ಇನ್ನೊಬ್ಬರು ಉಡುವುದೇ ಹೀನವೆಂದಲ್ಲ. ಏಕಾದಶಸ್ಕಂಧದಲ್ಲಿ ಉದ್ಧವನು, ಕೃಷ್ಣನು ತೊಟ್ಟು ಬಿಟ್ಟ ವಸ್ತ್ರಾಲಂಕಾರಗಳಿಂದ ಸಿಂಗರಿಸಿಕೊಳ್ಳುವ ದಾಸರು ತಾವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ದೇವಾಲಯಗಳಲ್ಲಿ ಶೇಷವಸ್ತ್ರವನ್ನು ಹೊದಿಸುವುದು ಇಂದಿಗೂ ಗೌರವ. ಹುಟ್ಟಿದ ಕೂಸನ್ನು ನಾವು ಅಜ್ಜಿಯ ಹಳೆಯ ನೂಲಿನ ಸೀರೆಯಲ್ಲೇ ಸುತ್ತುತ್ತೇವೆ, ಹೊಸ ಬಟ್ಟೆ ಒರಟೆಂದು. ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ತಾನೆ ಕೌದಿ ಇರಲಿಲ್ಲ? ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಲಂಗದ ತುಂಡು ಎಲ್ಲವೂ ಒಂದೇ ಹೊದಿಕೆಯಲ್ಲಿ ಹೊಲಿಗೆಗೊಂಡು ಮುಂದಿನ ತಲೆಮಾರನ್ನು ಚಳಿಯಿಂದ ಕಾಯುತ್ತಿದ್ದವು. ಹೀಗೆ ಬಟ್ಟೆ ಅದೇ, ಅದರ ಹಳತೂ ಅದೇ. ಒಂದೆಡೆ ಅದು ಪ್ರಸಾದ, ಒಂದೆಡೆ ಪ್ರೀತಿ, ಒಂದೆಡೆ ಎಂಜಲು. ಭೇದವಿರುವುದು ನೂಲಿನಲ್ಲಿ ಅಲ್ಲ. ಕೊಡುವವರಿಗೂ ಕೊಳ್ಳುವವರಿಗೂ ನಡುವೆ ಇರುವ ಸಂಬಂಧದಲ್ಲಿ.

ಇನ್ನು ದಾನವೆಂದರೇನು ಎಂಬುದನ್ನು ನೋಡೋಣ. ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ನಿವೃತ್ತಿಗೊಳಿಸಿ ಪರನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರಕಾರರ ಲಕ್ಷಣ. ಎರಡನೆಯ ಭಾಗವನ್ನು ನಾವು ಮರೆಯುತ್ತೇವೆ. ಬಿಟ್ಟುಬಿಡುವುದು ಬರಿಯ ತ್ಯಾಗ. ಇನ್ನೊಬ್ಬನು ಸ್ವೀಕರಿಸಿದಾಗಲೇ ದಾನ. ಬೇಡವೆನ್ನಲು ಶಕ್ತಿಯಿರುವವನದು ಮಾತ್ರ ಸ್ವೀಕಾರ. ನಾಳೆಯೂ ಅದೇ ಮನೆಗೆ ಪಾತ್ರೆ ತೊಳೆಯಲು ಬರಬೇಕಾದವಳು, ಬಣ್ಣ ಹೋದ ಸೀರೆಯನ್ನು ಮುಂದೆ ಹಿಡಿದಾಗ, ಬೇಡವೆಂದು ಹೇಗೆ ಹೇಳಿಯಾಳು? ಅವಳು ತಲೆಯಾಡಿಸಿ ತೆಗೆದುಕೊಂಡು ಹೋಗಿ ದಾರಿಯ ತಿರುವಿನಲ್ಲಿ ಏನು ಮಾಡುತ್ತಾಳೆಂಬುದು ನಮಗೆ ತಿಳಿಯದು. ಸೊಸೆಯ ಪ್ರಶ್ನೆ ಮುಟ್ಟಿದ್ದು ಈ ಮರ್ಮವನ್ನು.

ಕಠೋಪನಿಷತ್ತಿನ ಆರಂಭವನ್ನು ಯಮನ ಮನೆಯ ಸಂವಾದಕ್ಕೆ ಪೀಠಿಕೆಯೆಂದಷ್ಟೇ ತಿಳಿದು ಮುಂದೆ ಸಾಗುವವರು ಬಹಳ. ನಿಜವಾಗಿ ಅದು ಬೇಡವಾದ ವಸ್ತುವಿನ ದಾನವನ್ನು ಕುರಿತ ಪ್ರಕರಣ. ಸರ್ವಸ್ವವನ್ನೂ ಕೊಡಬೇಕಾದ ಯಜ್ಞದಲ್ಲಿ ನಚಿಕೇತನ ತಂದೆಯು ದಕ್ಷಿಣೆಯಾಗಿ ಕೊಡಲು ತರಿಸಿದ ಹಸುಗಳು ನೀರು ಕುಡಿಯುವ, ಹುಲ್ಲು ಮೇಯುವ, ಹಾಲು ಕರೆಯುವ ಕಾಲವೆಲ್ಲ ಮುಗಿದಂಥವು. ಹುಡುಗನ ಮನಸ್ಸಿಗೆ ಶ್ರದ್ಧೆ ಹೊಕ್ಕಿತೆಂದು ಉಪನಿಷತ್ತು ಹೇಳುತ್ತದೆ. ಇಂಥದ್ದನ್ನು ಕೊಟ್ಟವನಿಗೆ ಆನಂದವಿಲ್ಲದ ಲೋಕವೇ ಗತಿಯೆಂದು ಅವನಿಗೆ ತೋರಿತು. ನನ್ನನ್ನು ಯಾರಿಗೆ ಕೊಡುವೆ ಎಂದು ತಂದೆಯನ್ನು ಮೂರು ಸಲ ಕೇಳಿದ. ಹಸುಗಳು ಮುದಿಯಾಗಿದ್ದುದು ತಂದೆಯ ದೋಷವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅವನ್ನು ಕೊಟ್ಟಿಗೆಯಲ್ಲಿಟ್ಟು ಸಾಕಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ತನಗೆ ಏನೂ ಅಲ್ಲದ್ದನ್ನು ಸರ್ವಸ್ವದಾನವೆಂಬ ಖಾತೆಯಲ್ಲಿ ಜಮಾ ಮಾಡಿಕೊಂಡದ್ದು ದೋಷ. ಮೊಣಕೈ ಹರಿದ ಶರ್ಟನ್ನು ಯಾರಿಗೋ ಕೊಟ್ಟು ಧರ್ಮ ಮಾಡಿದೆನೆಂದು ತಿಳಿಯುವುದಕ್ಕೂ ಇದಕ್ಕೂ ಎಷ್ಟು ದೂರ?

ಈ ದೋಷ ದೊಡ್ಡ ಪ್ರಮಾಣದಲ್ಲಿ ಹೇಗೆ ಕಾಣುತ್ತದೆಂಬುದನ್ನು 2004ರ ಡಿಸೆಂಬರಿನ ಸುನಾಮಿಯ ನಂತರ ತಮಿಳುನಾಡಿನ ಕರಾವಳಿ ತೋರಿಸಿತು. ದೇಶದ ಎಲ್ಲ ಕಡೆಗಳಿಂದ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು ಬಿದ್ದಿತು. ಮೀನುಗಾರರ ಕುಟುಂಬಗಳು ಉಡಲಾರದ, ಉಡಲೊಲ್ಲದ ಬಟ್ಟೆಗಳ ರಾಶಿಗಳು ರಸ್ತೆಯ ಬದಿಯಲ್ಲಿ ಕೊಳೆಯತೊಡಗಿದವು. ಮನೆ ಮಠ ಕಳೆದುಕೊಂಡವನಿಗೂ ಅಭಿಮಾನವೆಂಬುದು ಉಳಿದಿರುತ್ತದೆಂಬುದನ್ನು ಕಳಿಸಿದವರು ಯೋಚಿಸಿರಲಿಲ್ಲ. ಹೀಗೆ ತಿರಸ್ಕೃತವಾದ ಬಟ್ಟೆಗಳನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸವನ್ನು ಕೈಗೊಂಡವರಲ್ಲಿ ದೆಹಲಿಯ ಗೂಂಜ್ ಸಂಸ್ಥೆ ಮುಖ್ಯವಾದುದು. 1999ರಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ ಈ ಸಂಸ್ಥೆಯು ಹಳ್ಳಿಗಳಲ್ಲಿ ಬಟ್ಟೆಯನ್ನು ಪುಕ್ಕಟೆಯಾಗಿ ಹಂಚುವುದಿಲ್ಲ. ಊರಿನವರು ತಮ್ಮ ಊರಿಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ಕೂಡಿ ಮಾಡಿಕೊಳ್ಳುತ್ತಾರೆ. ಬಟ್ಟೆ ಆ ಶ್ರಮಕ್ಕೆ ಸಲ್ಲುವ ಪ್ರತಿಫಲ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಅನೇಕರಿಗೆ ನೆನಪಿರಬಹುದು. ತೆಗೆದುಕೊಳ್ಳುವವನು ಬೆಲೆ ತೆತ್ತು ತೆಗೆದುಕೊಂಡಾಗ ತಲೆ ತಗ್ಗಿಸಬೇಕಾಗಿಲ್ಲವೆಂಬ ತತ್ತ್ವವೇ ಅದರ ಹಿಂದಿರುವುದು. ವಿಕ್ರಯದ ಪರವಾಗಿ ನಾನು ಹೇಳಬಯಸುವ ಮುಖ್ಯ ಮಾತೂ ಇದೇ. ಕೊಳ್ಳುವವನು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ತೂತನ್ನು ಎಣಿಸುತ್ತಾನೆ, ಬೆಲೆ ಹೆಚ್ಚಾಯಿತೆಂದು ಜಗಳವಾಡುತ್ತಾನೆ, ಬೇಡವೆಂದು ಎದ್ದು ಹೋಗುತ್ತಾನೆ. ಈ ಸ್ವಾತಂತ್ರ್ಯಗಳಲ್ಲಿ ಒಂದೂ ದಾನ ಪಡೆಯುವವನಿಗೆ ಇಲ್ಲ.

ಹಾಗಾದರೆ ಕೊಳ್ಳುವವರು ಯಾರು? ಮುಂಬಯಿ ಪುಣೆಗಳಲ್ಲಿರುವವರಿಗೆ ಬೋಹಾರೀಣ್ ಎಂಬ ಮರಾಠಿ ಶಬ್ದವನ್ನು ವಿವರಿಸಬೇಕಾಗಿಲ್ಲ. ತಲೆಯ ಮೇಲೆ ಪಾತ್ರೆಗಳ ಬುಟ್ಟಿ, ಹೆಗಲಲ್ಲಿ ಬಟ್ಟೆಯ ಗಂಟು, ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ಪ್ರತ್ಯಕ್ಷ. ನಾಲ್ಕು ಸೀರೆ, ಎರಡು ಪ್ಯಾಂಟಿಗೆ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ಬೇಕಾದರೆ ಇನ್ನೊಂದು ಶರ್ಟು! ಅರ್ಧ ಗಂಟೆಯ ಚೌಕಾಸಿಯಲ್ಲಿ ನಮ್ಮ ಹೆಂಗಸರು ತೋರುವ ವಾದಕೌಶಲವನ್ನು ಕಂಡರೆ ಜಯತೀರ್ಥರ ಗ್ರಂಥಗಳನ್ನು ಓದಿದವರೂ ತಲೆದೂಗಬೇಕು. ಇತ್ತೀಚೆಗೆ ಬುಟ್ಟಿಯಲ್ಲಿ ಸ್ಟೀಲಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಎತ್ತರದ ಕಟ್ಟಡಗಳ ಕಾವಲುಗಾರರು ಅವಳನ್ನು ಒಳಗೇ ಬಿಡುವುದಿಲ್ಲ.

ಈ ವ್ಯಾಪಾರದಲ್ಲಿರುವವರಲ್ಲಿ ಗುಜರಾತಿನ ವಾಘ್ರಿ ಸಮುದಾಯದವರು, ಈಗ ದೇವಿಪೂಜಕರೆಂದು ಕರೆದುಕೊಳ್ಳುವವರು, ಬಹುಸಂಖ್ಯರು. ದೆಹಲಿಯಲ್ಲಿ ಅವರ ದೊಡ್ಡ ಸಂತೆ ಪಶ್ಚಿಮ ಭಾಗದ ರಘುಬೀರ್ ನಗರದಲ್ಲಿ ಬೆಳಕು ಹರಿಯುವ ಮೊದಲೇ ನೆರೆಯುತ್ತದೆ. ಹಿಂದಿನ ದಿನ ಮನೆಮನೆ ಸುತ್ತಿ ಪಾತ್ರೆಗೆ ಬದಲು ತಂದ ಬಟ್ಟೆಯನ್ನು ಹೆಂಗಸರು ಅಲ್ಲಿ ಹರವಿ ಕೂರುತ್ತಾರೆ. ಕೊಂಡವರು ಅದನ್ನು ಒಗೆದು, ಗುಂಡಿ ಹಚ್ಚಿ, ಹರಿದುದನ್ನು ಹೊಲಿದು, ಬೇಕಾದರೆ ಬಣ್ಣ ಹಾಕಿ, ಇಸ್ತ್ರಿ ಮಾಡಿ ವಾರದ ಸಂತೆಗಳಿಗೆ ಒಯ್ಯುತ್ತಾರೆ; ಕೂಲಿಕಾರನ ಹಬ್ಬದ ಅಂಗಿ ಎಷ್ಟೋ ಸಲ ಅಲ್ಲಿಂದಲೇ ಬರುವುದು. ರೇಷ್ಮೆ ಸೀರೆಗಳು ದಿಂಬಿನ ಚೀಲಗಳಾಗಿ, ಹಾಸಿಗೆಯ ಮೇಲುಹೊದಿಕೆಗಳಾಗಿ ಪರದೇಶದವರ ಮನೆ ಸೇರುತ್ತವೆ. ಲೂಸಿ ನಾರಿಸ್ ಎಂಬ ಮಾನವಶಾಸ್ತ್ರಜ್ಞೆ ಈ ಸಂಚಾರವನ್ನೆಲ್ಲ ಬೆನ್ನುಹತ್ತಿ ನೋಡಿ 2010ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಉಣ್ಣೆಯ ಹಾದಿ ಬೇರೆ. ವಿದೇಶಗಳಿಂದ ಬರುವ ಹಳೆಯ ಉಣ್ಣೆಬಟ್ಟೆಯನ್ನು ಮತ್ತೆ ತೊಡಲು ಬಾರದಂತೆ ಕತ್ತರಿಸಿ, ಪಾಣಿಪತ್ತಿನ ಕಾರಖಾನೆಗಳಲ್ಲಿ ಚಿಂದಿಮಾಡಿ, ಎಳೆಯಾಗಿ ನೂತು, ಕಂಬಳಿ ನೇಯುತ್ತಾರೆ. ಶಾಡಿ ಎಂಬ ಈ ವಿಧಾನವು 1813ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಟ್ಲಿಯಲ್ಲಿ ಹುಟ್ಟಿದ್ದು. ಭೂಕಂಪ, ಪ್ರವಾಹಗಳಲ್ಲಿ ಪರಿಹಾರ ಸಂಸ್ಥೆಗಳು ಹಂಚುವ ಅಗ್ಗದ ಕಂಬಳಿಗಳಲ್ಲಿ ಅನೇಕವು ಇದೇ ಜಾತಿಯವು.

ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟ ಅವರು ಸೇವಾ ಎಂಬ ಮಹಿಳಾ ಸಂಘವನ್ನು ಸ್ಥಾಪಿಸಲು ಕಾರಣರಾದವರಲ್ಲಿ, ತಲೆಹೊರೆಯ ಹೆಂಗಸರ ಜೊತೆಗೆ, ಹಳೆಯ ಬಟ್ಟೆ ಮಾರುವ ಹೆಂಗಸರೂ ಇದ್ದರು. ಎಂದರೆ ಇದು ಕಸ ಎತ್ತುವ ಕೆಲಸವಲ್ಲ, ಬಂಡವಾಳ, ಸಾಲ, ಪರಿಣತಿ, ನಷ್ಟ ಎಲ್ಲವೂ ಉಳ್ಳ ಒಂದು ಕಸುಬು. ನಾವು ಬಟ್ಟೆಯನ್ನು ಮಾರಿದಾಗ ಆ ಕಸುಬಿಗೆ ಸರಕು ಒದಗುತ್ತದೆ.

ಆದರೆ ಮಾರುವುದು ಸರಿಯೆಂದೊಡನೆ ಹೇಗೆ ಮಾರಿದರೂ ಸರಿಯೆಂದಾಗದು. ಮಹಾಭಾರತದ ಮೋಕ್ಷಧರ್ಮದಲ್ಲಿ ಬರುವ ತುಲಾಧಾರನನ್ನು ನೆನೆಯಬೇಕು. ಜಟೆಯಲ್ಲಿ ಹಕ್ಕಿ ಗೂಡು ಕಟ್ಟಿದರೂ ಅಲುಗದೆ ತಪಸ್ಸು ಮಾಡಿದ ಜಾಜಲಿಯನ್ನು ಅಶರೀರವಾಣಿಯು ಕಾಶಿಯ ಈ ಅಂಗಡಿಕಾರನ ಬಳಿಗೆ ಕಳಿಸಿತು. ಅವನು ಮಾರುತ್ತಿದ್ದುದು ಗಂಧದ್ರವ್ಯ, ರಸ ಮೊದಲಾದ ಸಾಮಾನ್ಯ ಸರಕು. ಅವನ ಹೆಚ್ಚುಗಾರಿಕೆ ಇಷ್ಟೇ: ಮೋಸವಿಲ್ಲ, ತಕ್ಕಡಿ ಎಲ್ಲರಿಗೂ ಒಂದೇ. ಸತ್ಯಾನೃತದೊಳಗಿನ ಅನೃತವನ್ನು ತೆಗೆದವನು ಅವನು. ಈಗ ಸೊಸೆಯಂದಿರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೀರೆಯ ಚಿತ್ರ ಹಾಕಿ ಮಾರುತ್ತಾರೆ, ತಪ್ಪೇನೂ ಇಲ್ಲ. ಆದರೆ ಸೆರಗಿನ ಕಲೆಯನ್ನು ಮಡಿಕೆಯೊಳಗೆ ಮರೆಮಾಡಿ ಚಿತ್ರ ತೆಗೆದರೆ ಅದು ಅನೃತವೇ. ಜರಿಯ ವಿಷಯದಲ್ಲಿ ಇನ್ನಷ್ಟು ಜಾಗರೂಕತೆ ಬೇಕು. ಹಿಂದಿನ ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಹಳೆಯ ಜರಿ ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಈಚಿನ ಅನೇಕ ಸೀರೆಗಳಲ್ಲಿರುವುದು ತಾಮ್ರದ ಜರಿ. ಕೊಳ್ಳುವವನು ಮಾರುವವಳನ್ನು ವಂಚಿಸಬಹುದು, ಮಾರುವವಳೂ ಅವನನ್ನು ವಂಚಿಸಬಹುದು. ತಿಳಿದದ್ದನ್ನು ಹೇಳಿಬಿಟ್ಟರೆ ಅರ್ಧ ದೋಷ ಕಳೆಯಿತು. ಬೋಹಾರೀಣಳೊಡನೆ ಚೌಕಾಸಿ ಮಾಡುವಾಗಲೂ ಅವಳು ಬೆಳಗಿನ ಜಾವದ ಸಂತೆಯಲ್ಲಿ ಎಷ್ಟಕ್ಕೆ ಮಾರಿಯಾಳೆಂಬುದನ್ನು ಯೋಚಿಸಿದರೆ, ಮುಚ್ಚಳಕ್ಕಾಗಿ ಅಷ್ಟು ಕಾದಾಡಲು ಮನಸ್ಸು ಬಾರದು.

ವಿಕ್ರಯವೆಂದು ಹೆಸರಿಲ್ಲದ ಇನ್ನೊಂದು ವಿಕ್ರಯವಿದೆ. ಅದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ತೋರುತ್ತದೆ. ದೀಪಾವಳಿಗೆ ಕೆಲಸದವಳಿಗೆ ಸಲ್ಲಬೇಕಾದ ಒಂದು ತಿಂಗಳ ಇನಾಮಿನ ಬದಲು ಹಳೆಯ ಸೀರೆಗಳನ್ನು ಕೊಡುವುದು, ಸಂಬಳ ಹೆಚ್ಚಿಸೆಂದು ಕೇಳಿದಾಗ "ಬಟ್ಟೆ ಬರಿ ಎಲ್ಲಾ ಕೊಡತೀವಲ್ಲಾ" ಎನ್ನುವುದು. ಇಲ್ಲಿ ಬಟ್ಟೆ ಮಾರಾಟವಾಗಿದೆ, ಬೆಲೆಯನ್ನು ಅವಳ ದುಡಿಮೆಯಲ್ಲಿ ಮುರಿದುಕೊಂಡಿದ್ದೇವೆ, ಮೇಲೆ ದಾನದ ಪುಣ್ಯವನ್ನೂ ಬರೆದುಕೊಂಡಿದ್ದೇವೆ. ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತ್ಯುಪಕಾರವನ್ನು ಬಯಸಿ ಕೊಟ್ಟದ್ದನ್ನು ರಾಜಸವೆಂದೂ, ಆದರವಿಲ್ಲದೆ ಹೀಯಾಳಿಸಿ ಕೊಟ್ಟದ್ದನ್ನು ತಾಮಸವೆಂದೂ ವಿಂಗಡಿಸುತ್ತದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಜಾಣ್ಮೆ ನಮ್ಮದು. ಅದೇ ಸೀರೆಯನ್ನು ಇನ್ನೂರು ರೂಪಾಯಿಗೆ ಬೇರೆಯವರಿಗೆ ಮಾರಿ, ಆ ಇನ್ನೂರನ್ನು ಅವಳ ಕೈಗಿಟ್ಟರೆ ಅವಳು ತನಗೆ ಬೇಕಾದದ್ದನ್ನು ಕೊಂಡಾಳು.

ಇಷ್ಟೆಲ್ಲ ಹೇಳಿದುದರಿಂದ ಚಳಿಯಲ್ಲಿ ನಡುಗುವವನ ಮುಂದೆ ನಿಂತು ದಾನಲಕ್ಷಣವನ್ನು ವಿಚಾರಿಸಬೇಕೆಂದು ಯಾರೂ ತಿಳಿಯಬಾರದು. ದೆಹಲಿಯ ಜನವರಿಯ ರಾತ್ರಿಯಲ್ಲಿ ಕೈಗೆ ಸಿಕ್ಕ ಶಾಲನ್ನು ಹೊದಿಸಬೇಕು, ಅಷ್ಟೆ. ನಿಧಾನವಾಗಿ, ಯೋಚಿಸಿ ಕೊಡುವಾಗ ಒಗೆದು, ಗುಂಡಿ ಹಚ್ಚಿ, ಮಡಿಚಿ, ಬೇಕೇ ಎಂದು ಕೇಳಿ ಕೊಡಬೇಕು. ನಮ್ಮ ಬೀಗರ ಮನೆಗೆ ಕಳಿಸಲು ಸಂಕೋಚಪಡುವಂಥದ್ದನ್ನು ಬೇರೆ ಯಾರ ಮನೆಗೂ ಕಳಿಸಬೇಕಾಗಿಲ್ಲ. ಅದು ಒರೆಸುವ ಬಟ್ಟೆಯಾಗಲಿ.

ಮಾರಿ ಬಂದ ಹಣದ ಪ್ರಶ್ನೆ ಉಳಿಯಿತು. ಅಮರಕೋಶದಲ್ಲಿ ಹಳೆಯ ಬಟ್ಟೆಗೆ ಪಟಚ್ಚರವೆಂದು ಹೆಸರು. ಬೇರೆ ವರ್ಗದಲ್ಲಿ ಪಾಟಚ್ಚರವೆಂದರೆ ಕಳ್ಳ. ನಿರುಕ್ತಿ ಏನೇ ಇರಲಿ, ಮುಂಬಯಿಯ ಚೋರಬಜಾರಿನಲ್ಲಿ ಓಡಾಡುವಾಗಲೆಲ್ಲ ನನಗೆ ಈ ಎರಡು ಶಬ್ದಗಳ ನೆಂಟಸ್ತಿಕೆ ನೆನಪಾಗುತ್ತದೆ. ಆದರೆ ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಹೇಳುವ ಗೃಹಸ್ಥಧರ್ಮವನ್ನು ನೋಡಿದರೆ ಕಳ್ಳನು ಬಜಾರಿನಲ್ಲಿಲ್ಲ, ಕಪಾಟಿನ ಮುಂದೆಯೇ ನಿಂತಿದ್ದಾನೆ. ಹೊಟ್ಟೆ ತುಂಬುವಷ್ಟರಲ್ಲಿ ಮಾತ್ರ ದೇಹಿಗೆ ಹಕ್ಕು. ಅದಕ್ಕೂ ಮಿಕ್ಕದ್ದನ್ನು ನನ್ನದೆನ್ನುವವನು ಕಳ್ಳ, ದಂಡಾರ್ಹನೆಂಬುದು ಅಲ್ಲಿನ ಕಠಿಣವಾದ ಅಭಿಪ್ರಾಯ. ರೈಲ್ವೆಯಲ್ಲಿ ಪ್ರತಿಯೊಂದು ವಸ್ತುವಿಗೂ ಇಷ್ಟು ವರ್ಷವೆಂದು ಆಯುಸ್ಸು ಗೊತ್ತುಮಾಡಿರುತ್ತಾರೆ; ಅದು ತೀರಿ, ಪರೀಕ್ಷೆಯಾಗಿ, ಕಂಡೆಮ್ ಎಂದು ಮುದ್ರೆ ಬಿದ್ದ ಮೇಲೆಯೇ ಹರಾಜು. ಮನೆಯ ಕಪಾಟಿನಲ್ಲಿ ನಡೆಯುವುದು ತಿರುಗುಮುರುಗು: ಹರಾಜಿನ ಅನುಕೂಲವಿದೆಯೆಂದು ತಿಳಿದೊಡನೆ ಚೆನ್ನಾಗಿರುವ ವಸ್ತುವಿಗೂ ಕಂಡೆಮ್ ಮುದ್ರೆ ಬೀಳುತ್ತದೆ. "ಬೇಡಾದರ ಮಾರಿದರಾತು" ಎಂಬ ಧೈರ್ಯದಿಂದ ಹೊಸ ಸೀರೆ ಬರುತ್ತದೆ. ಮಾರಿದ ಹಣ ಶಾಲೆಯ ಶುಲ್ಕಕ್ಕೋ ಔಷಧಕ್ಕೋ ಹೋದರೆ ಒಂದು ಮಾತು. ಮತ್ತೆ ಬಟ್ಟೆಯ ಅಂಗಡಿಗೇ ಹೋದರೆ, ಮಾರಾಟವು ಲೋಭಕ್ಕೆ ತೆರೆದ ಹಿಂಬಾಗಿಲಾಯಿತು. ವಿಕ್ರಯದ ನಿಜವಾದ ಅಪಾಯ ಇಲ್ಲಿದೆಯೆಂದು ನಾನು ತಿಳಿಯುತ್ತೇನೆ. ಮನೆತನದ ಮರ್ಯಾದೆಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಕೊನೆಗೆ ತೀರಿಹೋದವರ ಬಟ್ಟೆ. ತಾಯಿಯ ವರ್ಷಾಂತಿಕ ಮುಗಿದ ಮೇಲೆ ಅವಳ ಪೆಟ್ಟಿಗೆಯನ್ನು ತೆರೆಯುವ ಹೊತ್ತು ಪ್ರತಿಯೊಂದು ಮನೆಗೂ ಬರುತ್ತದೆ. ಮಡಿಯ ಪತ್ತಲ, ಧಾರೆಯ ಸೀರೆ, ಶ್ರಾವಣ ಶುಕ್ರವಾರಗಳ ಅರಿಸಿನದ ಗುರುತು. ಹೆಣ್ಣುಮಕ್ಕಳು ಒಂದೊಂದನ್ನು ತೆಗೆದುಕೊಂಡ ಮೇಲೂ ಉಳಿಯುವ ಹತ್ತಿಪ್ಪತ್ತನ್ನು ಏನು ಮಾಡುವುದು? ಇದುವರೆಗೆ ಹೇಳಿದ ಯುಕ್ತಿಗಳೆಲ್ಲ ಇಲ್ಲಿಗೂ ಅನ್ವಯಿಸುತ್ತವೆ. ಆದರೂ ತಾಯಿಯ ಸೀರೆಯ ಜರಿಯನ್ನು ಸುಡುವವನ ತಕ್ಕಡಿಗೆ ಹಾಕಲು ಕೈ ಏಳುವುದಿಲ್ಲ. ಈ ಹಿಂಜರಿಕೆಯನ್ನು ಮೋಹವೆಂದು ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕಲಾರೆ. ಮಾರಿದರೆ ತಾಯಿಗೆ ಅಪಚಾರವೆಂದೂ ಹೇಳಲಾರೆ. ಮಗನ ಪರೀಕ್ಷೆಯ ಶುಲ್ಕಕ್ಕೆ ತನ್ನ ಬಳೆಯನ್ನೇ ಒತ್ತೆಯಿಟ್ಟವಳು ಸೀರೆಗೆ ಬೇಸರಪಟ್ಟುಕೊಳ್ಳುವಳೆಂದು ನನಗೆ ತೋರದು. ನನಗೆ ತಿಳಿದ ಒಂದು ಮನೆಯಲ್ಲಿ ರೇಷ್ಮೆಯವನ್ನು ಮಾರಿ, ಬಂದ ಹಣದಿಂದ ಊರಿನಲ್ಲಿ ಆಕೆಯನ್ನು ಕಡೆಯ ಎರಡು ವರ್ಷ ನೋಡಿಕೊಂಡ ಹೆಂಗಸಿಗೆ ಹೊಸ ಸೀರೆಗಳನ್ನು ಕೊಂಡು ಕೊಟ್ಟರು. ನೂಲಿನ ಸೀರೆಗಳನ್ನು ಮಾರಲಿಲ್ಲ. ಹುಬ್ಬಳ್ಳಿಗೆ ಕಳಿಸಿ, ಹೊಲಿಯಬಲ್ಲ ಒಬ್ಬ ಮುದುಕಿಗೆ ಕೇಳಿದಷ್ಟು ಕೂಲಿ ಕೊಟ್ಟು, ಮೊಮ್ಮಕ್ಕಳಿಗೆ ತಲೆಗೊಂದರಂತೆ ಕೌದಿ ಹೊಲಿಸಿದರು.